ಗವಿಯ ಬಾಗಿಲಲ್ಲಿ ಬಿಟ್ಟ ಬೂಟು

ನಾನು ಕಂಪ್ಯೂಟರ್ ಕಲಿತದ್ದು ಬರಿಗಾಲಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನಲ್ಲಿದ್ದ ನಮ್ಮ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ಯಾವ ಹೊತ್ತಿಗೆ ನೋಡಿದರೂ ಚಪ್ಪಲಿಗಳ ರಾಶಿ. ಒಳಗೆ ಧೂಳು ಹೋದರೆ ಯಂತ್ರ ಕೆಡುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಪರದೆಗೆ ಕುಂಕುಮ ಇಟ್ಟು, ಕೀಬೋರ್ಡಿಗೆ ಹೂವು ಮುಡಿಸಿ ಆಯುಧಪೂಜೆ ಮಾಡುತ್ತಿದ್ದ ಆ ಕೋಣೆಗೆ, ಧೂಳಿನ ಮಾತಿಲ್ಲದಿದ್ದರೂ, ಚಪ್ಪಲಿ ಮೆಟ್ಟಿಕೊಂಡು ಹೋಗುವ ಧೈರ್ಯ ನಮಗೆ ಬರುತ್ತಿರಲಿಲ್ಲ ಅನ್ನಿ. ಡಿಗ್ರಿ ಮುಗಿಸಿ ನಾನೇ ಅಲ್ಲಿ ಪಾಠ ಹೇಳಲು ಸೇರಿದ ಮೇಲೆ ಆ ಮೇಷ್ಟ್ರಿಗಿಂತ ಒಂದು ಕೈ ಹೆಚ್ಚೇ ಬಿಗಿಯಾದೆ. ಸಾಕ್ಸ್ ಹಾಕಿಕೊಂಡು ಬಂದವರನ್ನೂ ಹೊರಗೆ ಕಳಿಸಿದ್ದೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಒಂದು ಆಟದೊಳಗಿನ ಇಡೀ ನಾಡಿಗೆ ಬೂಟು ಬಿಚ್ಚಿಸಿದೆ, ಅದರಿಂದ ನಮ್ಮ ಅತ್ತಿಗೆ ನಡುಸಮುದ್ರದಲ್ಲಿ ಸಿಕ್ಕಿಕೊಂಡರು. ಅದಕ್ಕೆಲ್ಲ ಮೂಲ ಆ ಚಪ್ಪಲಿ ರಾಶಿ.

ನಮ್ಮೂರು ಕಟ್ಟೆಮಳಲವಾಡಿ ಕಡೆ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಅಣ್ಣ ಬೆಳಿಗ್ಗೆ ಹೊಲ ನೋಡಿಕೊಂಡು ಆಮೇಲೆ ಹುಣಸೂರಿನ ತನ್ನ ಡಿಟಿಪಿ ಅಂಗಡಿಗೆ ಹೋಗುತ್ತಿದ್ದ. ಲಗ್ನಪತ್ರಿಕೆ, ತಿಥಿ ಕಾರ್ಡು, ಜೆರಾಕ್ಸು, ಅವನ ಕೆಲಸ ಇಷ್ಟು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು. ಅವ್ವ ಅದನ್ನು ನಡುಮನೆಯ ಮೂಲೆಯಲ್ಲಿ ಇಡಿಸಿ, ತನ್ನ ಹಳೆಯ ಸೀರೆಯ ತುಂಡನ್ನು ಹೊಲಿಸಿ ಮುಸುಕು ಹಾಕಿದಳು. ಅದರೊಳಗೆ ಒಂದು ಆಟ ತುಂಬಿದವನು ನಾನು.

ಆಟದ ಸಿ.ಡಿ. ಕೊಟ್ಟದ್ದು ಗುರುಪುರದ ಹತ್ತಿರದ ಟಿಬೆಟಿಯನ್ ಕ್ಯಾಂಪಿನಿಂದ ನಮ್ಮ ಸೆಂಟರಿಗೆ ಬರುತ್ತಿದ್ದ ಗೆಳೆಯ. ಹೊರದೇಶದಲ್ಲಿದ್ದ ಅವನ ಅಕ್ಕ ಕಳಿಸಿದ್ದಂತೆ. ಅದು ಮಾಯಾಲೋಕದ ಆಟ. ಮಂಜು ಕವಿದ ತಣ್ಣನೆಯ ಸಮುದ್ರ, ಅದರ ತುಂಬ ಸಣ್ಣ ದೊಡ್ಡ ದ್ವೀಪಗಳು, ಕಲ್ಲಿನ ಮನೆಗಳು, ಭೂತಗಳಿರುವ ಗವಿಗಳು, ಮಂತ್ರ ಬಲ್ಲ ಮುದುಕರು. ನಮಗೆ ಬೇಕಾದ ಹಾಗೆ ಒಬ್ಬ ಗಂಡಸನ್ನೋ ಹೆಂಗಸನ್ನೋ ಮಾಡಿ ಆ ನಾಡಿನಲ್ಲಿ ಬಿಟ್ಟರಾಯಿತು, ಅವರು ಎಲ್ಲಿಗೆ ಬೇಕಾದರೂ ಹೋಗಬಹುದು. ಜೊತೆಗೆ ಇನ್ನೊಂದು ಸಿ.ಡಿ. ಇತ್ತು. ನನ್ನ ಕಣ್ಣು ಬಿದ್ದದ್ದು ಅದರ ಮೇಲೆ. ಆ ಲೋಕವನ್ನೇ ತಿದ್ದುವ ಸಾಧನ ಅದರಲ್ಲಿತ್ತು. ಹೊಸ ಮನೆ ಕಟ್ಟಬಹುದು, ಮರ ನೆಡಬಹುದು, ಅಲ್ಲಿನ ಜನರ ಬಾಯಿಗೆ ಮಾತು ಹಾಕಬಹುದು. ಹೀಗೆ ಆಟಗಾರರೇ ಸೇರಿಸಿದ ತುಂಡಿಗೆ ಮಾಡ್ ಎನ್ನುತ್ತಾರೆ.

ನನ್ನ ಮೊದಲ ಮಾಡ್ ಮುದ್ದೆ. ನಗಬೇಡಿ. ಆ ಸಾಧನದಲ್ಲಿ ಯಾವ ವಸ್ತುವನ್ನಾದರೂ ಮೂಲೆ ಮೂಲೆ ಎಳೆದು ಮಾಡಬೇಕು. ಖುರ್ಚಿ ಮಾಡಲು ಹೋಗಿ ಒಂದು ವಾರ ಒದ್ದಾಡಿ ಬಿಟ್ಟಿದ್ದೆ. ಗುಂಡು ಮಾತ್ರ ಒಂದೇ ಏಟಿಗೆ ಬರುತ್ತಿತ್ತು. ಗುಂಡಿಗೆ ಕಂದು ಬಣ್ಣ ಬಳಿದರೆ ರಾಗಿ ಮುದ್ದೆ ಸಿದ್ಧ. ಆ ಮಂಜಿನ ನಾಡಿನ ಅಷ್ಟೂ ಹೆಂಡದಂಗಡಿಗಳ ಮೇಜಿನ ಮೇಲೆ ಮುದ್ದೆ ಇಟ್ಟೆ. ಆಮೇಲೆ ಧೈರ್ಯ ಬಂದು ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ನಮ್ಮ ಕಡೆ ಬ್ಯಾರನ್ನು ಅನ್ನುತ್ತೇವಲ್ಲ, ಅದನ್ನು ಕಟ್ಟಿದೆ, ಹೆಂಚು ಹೊದಿಸಿದೆ. ನಮ್ಮ ಪಕ್ಕದ ಮನೆಯ ಹುಂಜದ ಕೂಗನ್ನು ಮೈಕಿನಲ್ಲಿ ಹಿಡಿದು ಅಲ್ಲಿನ ಬೆಳಗಿನ ಜಾವಕ್ಕೆ ಹಾಕಿದೆ. ಸೆಂಟರಿನ ಗೆಳೆಯರು ನೋಡಿ ಶಿಳ್ಳೆ ಹೊಡೆದರು. "ಸೂಪರ್ ಕಣ್ಲಾ, ನಮ್ಮೂರ್ನೇ ಎತ್ತಿ ಮಡಗ್ಬುಟ್ಟಿದ್ದೀಯ" ಅಂದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಅವತ್ತಿಗೆ ಬೇಕಿರಲಿಲ್ಲ.

ಈ ನಡುವೆ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದರು. ಅವರ ತವರು ಕೆ.ಆರ್. ನಗರ ತಾಲೂಕಿನ ಹೊಸ ಅಗ್ರಹಾರದ ಕಡೆ. ನಾಲೆ ನೀರಿನ ಊರು, ಭತ್ತದ ಗದ್ದೆ. ಪಿಯುಸಿ ಓದಿದ್ದರು. ಮಾತು ಕಡಿಮೆ ಎಂದು ನೋಡಲು ಹೋದವರು ಹೇಳಿದ್ದರು. ಬಂದ ಮೇಲೆ ಗೊತ್ತಾಯಿತು, ಮಾತು ಕಡಿಮೆ ಅಲ್ಲ, ತೂಕ ಜಾಸ್ತಿ. ಬೇಡ ಅಂದರೆ ಬೇಡ. ಅವರು ಬೇಡ ಅಂದ ಮೇಲೆ ಅಣ್ಣನೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ.

ಅವರ ಬೇಡ ನಡೆಯದಿದ್ದ ಒಂದು ಜಾಗವೂ ಇತ್ತು. ನಮ್ಮ ಮನೆಯ ಮುಂಬಾಗಿಲು. ಹೊಗೆಸೊಪ್ಪಿನ ಕಾಲದಲ್ಲಿ ಹೊಲದಿಂದ ಬಂದವರ ಕೈಕಾಲು ನೋಡಲಾಗದು. ಹಸಿ ಸೊಪ್ಪಿನ ಅಂಟು ಕಪ್ಪಾಗಿ ಮೆತ್ತಿ, ಅದರ ಮೇಲೆ ಮಣ್ಣು ಕೂತಿರುತ್ತದೆ. ಗಂಡಸರು ಮುಂಬಾಗಿಲಲ್ಲೇ ಕಾಲು ಝಾಡಿಸಿ ಒಳಗೆ ಬರುತ್ತಿದ್ದೆವು. ಮನೆಯ ಸೊಸೆಯಾದವಳು ಮಾತ್ರ ಸುತ್ತಿಕೊಂಡು ಹಿತ್ತಲಿಗೆ ಹೋಗಿ, ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಿಂದ ಬರಬೇಕು. ಅವ್ವ ತಾನೂ ಹಾಗೇ ಬಂದವಳು. ಅತ್ತೆಯ ಕಾಲದಿಂದ ನಡೆದು ಬಂದದ್ದನ್ನು ಅವಳು ಕೇಡು ಬಗೆದು ಹೇಳುತ್ತಿರಲಿಲ್ಲ, ಹೇಳುವುದು ಅಭ್ಯಾಸ ಅಂತ ಹೇಳುತ್ತಿದ್ದಳು. "ಇತ್ಲಿಂದ ಬಾವ್ವ" ಎಂದು ಹಿತ್ತಲಿಗೆ ಕಳಿಸುವ ಆ ಕೂಗು ನನಗೆ ಹುಂಜದ ಕೂಗಿನಷ್ಟೇ ರೂಢಿಯಾಗಿತ್ತು. ಅದು ಯಾರ ಕಿವಿಗೆ ಹೇಗೆ ಬೀಳುತ್ತದೆ ಎಂದು ನಾನು ಯೋಚಿಸಿದವನಲ್ಲ.

ಸೊಪ್ಪಿನ ಕೆಲಸ ಮುಗಿದ ಮೇಲಿನ ಬಿಡುವಿನ ತಿಂಗಳುಗಳಲ್ಲಿ ಮಧ್ಯಾಹ್ನ ಅವ್ವ ಮಲಗುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ಅತ್ತಿಗೆ ನನ್ನ ಹಿಂದೆ ಬಂದು ನಿಂತು ಆಟ ನೋಡಿದರು. ಮರುದಿನ ಕೂತರು. ಆಮೇಲೆ ಆ ಹೊತ್ತು ಅವರದ್ದೇ ಆಯಿತು. ಕೆಂಪು ಕೂದಲಿನ, ಅಗಲ ಭುಜದ ಒಬ್ಬ ಹೆಂಗಸನ್ನು ಮಾಡಿಕೊಂಡು ಆ ನಾಡಿಗೆ ಇಳಿದರು.

ಅವರು ಆಡುವ ರೀತಿಯನ್ನು ನಾನು ಇಂದಿಗೂ ಮೆಚ್ಚಿ ಮೆಚ್ಚಿ ಹೇಳುತ್ತೇನೆ. ನಾವೆಲ್ಲ ಕತ್ತಿ ಹಿರಿದು ಗವಿಗೆ ನುಗ್ಗುವವರು. ಅತ್ತಿಗೆ ನಡೆಯುತ್ತಿದ್ದರು. ಸಂತೆಯಲ್ಲಿ ನಿಂತು ಯಾರು ಏನು ಮಾರುತ್ತಾರೆ ನೋಡುತ್ತಿದ್ದರು. ಆ ಆಟದೊಳಗೆ ಮನೆಮನೆಗಳಲ್ಲಿ ಪುಸ್ತಕಗಳಿದ್ದವು. ನಾವು ಯಾರೂ ಮುಟ್ಟದಿದ್ದ ಆ ಇಂಗ್ಲಿಷ್ ಪುಸ್ತಕಗಳನ್ನು ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದರು. ಅಲ್ಲಿ ಮೀನುಗಾರರ ಒಂದು ಕುಲ ಇದೆ, ದಡದಲ್ಲಿ ಸಿಕ್ಕಿದ್ದನ್ನು ಕಾದಿಟ್ಟು, ಕೇಳಿಕೊಂಡು ಬಂದವರಿಗೆ ಕೊಡುವುದು ಆ ಕುಲದ ನೇಮ ಎಂದು ನನಗೆ ತಿಳಿದದ್ದೇ ಅವರಿಂದ. ವರ್ಷಗಟ್ಟಲೆ ಆ ಆಟ ಆಡಿದ್ದ ನಾನು ಮೀನುಗಾರರನ್ನು ಸಮುದ್ರದ ಅಂಚಿನ ಅಲಂಕಾರ ಎಂದುಕೊಂಡಿದ್ದೆ.

ಆಟದಲ್ಲಿ ಎಲ್ಲಿಯವರೆಗೆ ಬಂದೆವು ಎನ್ನುವುದನ್ನು ಉಳಿಸಿಕೊಳ್ಳಬಹುದು. ಎಡವಟ್ಟಾದರೆ ಹಿಂದಕ್ಕೆ ಹೋಗಲು ಅನುಕೂಲವಾಗಲಿ ಎಂದು ನಾವು ಹತ್ತಾರು ಉಳಿಸಿಟ್ಟುಕೊಳ್ಳುತ್ತಿದ್ದೆವು. ಅತ್ತಿಗೆಯದು ಒಂದೇ. ಹಳೆಯದರ ಮೇಲೇ ಹೊಸದು. "ಇರಾದೊಂದು ಜೀವ, ಅದ್ಕೆ ಎಷ್ಟ್ ಗಂಟು ಕಟ್ತೀಯಪ್ಪ" ಅನ್ನುತ್ತಿದ್ದರು.

ಅವರು ಆ ನಾಡಿನಲ್ಲಿ ಬಹಳ ಅಲೆದು ಸಂಪಾದಿಸಿದ್ದು ಒಂದು ಜೊತೆ ಬೂಟು. ಹಾಕಿಕೊಂಡರೆ ನೀರಿನ ಮೇಲೆ ನಡೆಯಬಹುದಾದ ಬೂಟು. ಅದು ಸಿಕ್ಕಿದ ದಿನ ಅತ್ತಿಗೆ ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದರು. ಆಮೇಲೆ ಅವರ ಕೆಂಪು ಕೂದಲಿನ ಹೆಂಗಸು ದೋಣಿ ಹತ್ತಲಿಲ್ಲ. ದ್ವೀಪದಿಂದ ದ್ವೀಪಕ್ಕೆ, ಮಂಜಿನೊಳಗೆ, ಸಮುದ್ರದ ಮೇಲೆ ನಡೆದುಕೊಂಡೇ ಹೋಗುತ್ತಿದ್ದಳು. ಆಕೆ ನಡೆಯುವುದನ್ನು ನೋಡಲು ನಾನು ಸೆಂಟರಿನಿಂದ ಬೇಗ ಬಂದದ್ದುಂಟು.

ನನ್ನ ಮುದ್ದೆಯನ್ನು ಅವರಿಗೆ ತೋರಿಸಿದ್ದೂ ಆ ದಿನಗಳಲ್ಲೇ. ಶಿಳ್ಳೆ ಬರುತ್ತದೆಂದು ಕಾಯುತ್ತಿದ್ದೆ. ಅತ್ತಿಗೆ ಹೆಂಡದಂಗಡಿಯ ಮೇಜಿನ ಸುತ್ತ ಒಂದು ಸುತ್ತು ಬಂದು ನಿಂತರು.

"ಚೆಂದಾಗದೆ. ಇಲ್ಯಾಕದೆ?" ಎಂದು ಕೇಳಿದರು.

"ಅಂಗಂದ್ರೆ?"

"ಇಲ್ಲಿ ರಾಗಿ ಎಲ್ಲಿ ಬೆಳೀತಾರಪ್ಪ? ನಾನು ಇಷ್ಟ್ ದಿವ್ಸದಿಂದ ತಿರುಗ್ತಾ ಇವ್ನಿ, ಒಂದ್ ಒಲ ಕಂಡಿಲ್ಲ. ಬಿಸ್ಲೇ ಇಲ್ಲ ಇಲ್ಲಿ. ಮೀನು ತಿನ್ನೋ ಜನ ಇವ್ರು."

"ಆಟ ಅಲ್ವಾ ಅತ್ಗೆ, ನಂಗೆ ಇಷ್ಟ ಅಂತ ಮಡಗ್ದೆ."

"ನಮ್ಮೂರ ನಾಟಕದಲ್ಲಿ ಒಂದ್ ಸರ್ತಿ ರಾಜನ ಪಾರ್ಟಿನವ್ನು ವಾಚ್ ಕಟ್ಕಂಡು ಬಂದಿದ್ದ. ವಾಚೇನೋ ಚೆಂದಾಗೇ ಇತ್ತು. ಇಡೀ ರಾತ್ರಿ ಜನ ರಾಜನ್ನ ನೋಡ್ನಿಲ್ಲ ಕಣಪ್ಪ, ವಾಚ್ ನೋಡುದ್ರು" ಎಂದು ಹೇಳಿ ಎದ್ದು ಒಲೆ ಹಚ್ಚಲು ಹೋದರು.

ನನಗೆ ಉರಿದು ಹೋಯಿತು. ನಾನು ಬರೀ ಆಡುವವನಲ್ಲ, ಕಟ್ಟುವವನು, ಇವರಿಗೇನು ಗೊತ್ತು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಆ ಅಂಗಡಿಗೆ ಹೋಗಿ ನೋಡಿದರೆ ನನ್ನ ಕಣ್ಣಿಗೂ ಮುದ್ದೆ ಬಿಟ್ಟು ಬೇರೇನೂ ಕಾಣಲಿಲ್ಲ. ಆ ನಾಡಿನ ಮಂಜು, ಬೆಂಕಿಯ ಮುಂದೆ ಕೂತ ಮುದುಕರು, ಎಲ್ಲ ಹಿಂದಕ್ಕೆ ಸರಿದು ಕಂದು ಗುಂಡುಗಳು ಮಾತ್ರ ಮುಂದೆ ಬಂದು ನಿಂತಿದ್ದವು. ತೆಗೆದು ಹಾಕಿದೆ. ತೆಗೆದೆ ಎಂದು ಅವರಿಗೆ ಹೇಳಲಿಲ್ಲ.

ಅಷ್ಟಾದರೂ ಬುದ್ಧಿ ಬಂತೇ ಎಂದರೆ ಇಲ್ಲ. ಮುಂದಿನ ಸಲ ಆ ನಾಡಿಗೆ ಒಪ್ಪುವಂಥದ್ದನ್ನೇ ಮಾಡುತ್ತೇನೆ ಎಂದುಕೊಂಡು ಮಾಡಿದ್ದೇ ಬೂಟಿನ ಮಾಡ್. ಆಟದ ಜನ ಕೆಸರು ಬೂಟು ಹಾಕಿಕೊಂಡೇ ಮನೆಯೊಳಗೆ ನುಗ್ಗುವುದು, ಕಂಬಳಿಯ ಮೇಲೆ ತುಳಿಯುವುದು ಮೊದಲಿನಿಂದ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮನೆ ಅಂದ ಮೇಲೆ ಬೂಟು ಹೊರಗೆ ಬಿಡಬೇಡವೇ. ಟಿಬೆಟಿಯನ್ ಗೆಳೆಯನನ್ನೂ ಕೇಳಿದೆ. ತಮ್ಮ ಹಿಮದ ನಾಡಿನಲ್ಲೂ ದೇವರ ಮುಂದೆ ಬೂಟು ಬಿಡುತ್ತಿದ್ದರೆಂದು ತಾತ ಹೇಳುತ್ತಿದ್ದರು ಎಂದ. ಚಳಿ ನಾಡಿನ ಸಾಕ್ಷಿಯೇ ಸಿಕ್ಕಿತಲ್ಲ ಎಂದು ಕುಣಿದಾಡಿದೆ. ಯಾರೇ ಆಗಲಿ ಹೊರಗಿನಿಂದ ಒಳಗೆ ಕಾಲಿಟ್ಟ ಕೂಡಲೇ ಕಾಲಿನ ಬೂಟು ಕಳಚಿ ಬಾಗಿಲ ಬಳಿ ಬೀಳುವ ಹಾಗೆ ಸೂಚನೆ ಬರೆದೆ. ಬಂದು ನೋಡಿದಾಗ ಬೆರಗಾಗಲಿ ಎಂದು ಅತ್ತಿಗೆಯ ಆಟಕ್ಕೂ ಸೇರಿಸಿಬಿಟ್ಟೆ.

ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಆ ಆಟದ ಲೆಕ್ಕದಲ್ಲಿ ಇರುವುದು ಎರಡೇ, ಹೊರಗು ಮತ್ತು ಒಳಗು. ಮನೆಯೂ ಒಳಗು, ಗುಡಿಯೂ ಒಳಗು, ಭೂತವಿರುವ ಗವಿಯೂ ಒಳಗು.

ಅತ್ತಿಗೆ ಅವತ್ತು ದೂರದ ಒಂದು ಒಂಟಿ ದ್ವೀಪಕ್ಕೆ ಸಮುದ್ರದ ಮೇಲೆ ನಡೆದು ಹೋಗಿದ್ದರು. ಅಲ್ಲೊಂದು ಗವಿ. ಒಳಗೆ ಹೋದರು. ನನ್ನ ಸೂಚನೆ ಗೌರವದಿಂದ ಬೂಟು ಬಿಚ್ಚಿ ಗವಿಯ ಬಾಗಿಲಲ್ಲಿ ಇಟ್ಟಿತು. ಕತ್ತಲಲ್ಲಿ ಅವರು ಗಮನಿಸಲಿಲ್ಲ. ಗವಿಯ ನಡುವೆ ಒಂದು ಆಳದ ಕುಳಿ ಇತ್ತು, ಇಳಿದರೆ ಮತ್ತೆ ಹತ್ತಲಾಗದು. ಇಳಿದರು, ಆಚೆ ತುದಿಯಿಂದ ಹೊರಗೆ ಬಂದರು, ಎಂದಿನಂತೆ ಅಲ್ಲಿಯವರೆಗಿನದನ್ನು ಉಳಿಸಿದರು. ಆಮೇಲೆ ಸಮುದ್ರದ ಮೇಲೆ ಹೆಜ್ಜೆ ಇಟ್ಟರು. ಕೆಂಪು ಕೂದಲಿನ ಹೆಂಗಸು ಸೀದಾ ಮುಳುಗಿದಳು.

ನಾನು ಬಂದಾಗ ಅತ್ತಿಗೆ ಪರದೆ ನೋಡುತ್ತ ಕೂತಿದ್ದರು. ಉಳಿಸಿಟ್ಟ ಕಡೆಯಿಂದ ಮತ್ತೆ ಶುರು ಮಾಡಿದ್ದರಿಂದ ಹೆಂಗಸು ಸಣ್ಣದೊಂದು ಬಂಡೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಹಿಂದೆ ಹತ್ತಲಾಗದ ಕೋಡುಗಲ್ಲು, ಮುಂದೆ ಮೈ ಮರಗಟ್ಟಿಸುವ ನೀರು. ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿಯೋಣವೆಂದರೆ ಹಿಂದಿನದು ಯಾವುದೂ ಇಲ್ಲ, ಇದೊಂದೇ. ನಡೆದದ್ದನ್ನು ಅವರು ಹೇಳಿದಾಗ ನನಗೆ ಗೊತ್ತಾಯಿತು. ಬೂಟಿನ ಮಾಡ್ ಬಗ್ಗೆ ಹೇಳಿದೆ. ಕ್ಯಾಂಪಿನ ತಾತನ ಸಾಕ್ಷಿಯನ್ನೂ ಹೇಳಿದೆ.

"ದೇವ್ರ ಮುಂದೆ ಬುಡ್ತಾರೆ. ದೆವ್ವದ ಗವೀಲೂ ಬುಡ್ತಾರಾ?" ಎಂದರು ಅತ್ತಿಗೆ. ನನಗೆ ನಗು ಬಂತು. ಅವರು ನಗಲಿಲ್ಲ.

"ಒಂದೇ ಒಂದ್ ಸಾಲು ಟೈಪ್ ಮಾಡುದ್ರೆ ಬೂಟು ಕೈಗೆ ಬತ್ತದೆ ಅತ್ಗೆ, ಈಗ್ಲೇ ಕೊಡ್ತೀನಿ ತಾಳಿ."

"ಬ್ಯಾಡ. ಆಕಾಸದಿಂದ ಉದುರಿದ್ ಬೂಟು ನಂಗ್ಯಾಕೆ? ಅದನ್ನ ನಾನು ನಡ್ದು ತಂದಿದ್ದು" ಅಂದರು. ಕಂಪ್ಯೂಟರನ್ನು ಆರಿಸಿ, ಸೀರೆಯ ಮುಸುಕು ಎಳೆದು, ಮೂಲೆಗಳನ್ನು ಸರಿ ಮಾಡಿ ಎದ್ದು ಹೋದರು.

ಮಾರನೆಯ ಮಧ್ಯಾಹ್ನ ಅವರು ಬಂದು ಕೂರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವ್ವ ಮಲಗಿದ ಹೊತ್ತಿನಲ್ಲಿ ಅವರೂ ಚಾಪೆ ಹಾಸಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಜೊತೆ ಬೂಟಿಗೆ ಇಷ್ಟು ಹಟವೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಸಂಕಟವಾಯಿತು. ಅವರ ಹೆಂಗಸನ್ನು ಆ ಬಂಡೆಯ ಮೇಲಿಂದ ಬಿಡಿಸಬೇಕು, ಅತ್ತಿಗೆ ಮತ್ತೆ ಬಂದು ಕೂರಬೇಕು, ನನಗೆ ಬೇರೇನೂ ಬೇಡವಾಗಿತ್ತು. ಹೇಗೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು. ಬ್ಯಾರನ್ನಿನ ಮುಂದೆ ಚಪ್ಪರದಡಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸ. ಒಂದು ಭಾನುವಾರ ನಾನೂ ಅತ್ತಿಗೆಯೂ ಎದುರುಬದುರು ಕೂತಿದ್ದೆವು. ಅವರ ಬೆರಳುಗಳು ಅಂಟಿನಿಂದ ಕರ್ರಗಾಗಿದ್ದವು. ತಡೆಯಲಾಗದೆ ಕೇಳಿದೆ, ಒಂದು ಬೂಟಿಗೆ ಆಟವನ್ನೇ ಬಿಡುವುದಾ ಎಂದು.

ಅವರು ಕೈಯಲ್ಲಿದ್ದ ಕಡ್ಡಿ ಮುಗಿಸಿ ಪಕ್ಕಕ್ಕಿಟ್ಟರು.

"ಬೂಟಿಗಲ್ಲ ಕಣಪ್ಪ. ಅಲ್ಲಿ ನನ್ನ ಯಾರೂ ಇತ್ಲಿಂದ ಬಾ ಅನ್ನಕಿಲ್ಲ. ಯಾರ್ ಮನೆ ಆದ್ರೂ ಸೈ, ಮುಂದಿನ್ ಬಾಗ್ಲಿಂದ ಬೂಟ್ ಕಾಲಲ್ಲೇ ಓಗ್ತೀನಿ. ಬೆಂಕಿ ಮುಂದೆ ಕುಂತ್ಕತೀನಿ. ಅವ್ರೂ ಏನೂ ಅನ್ಕಳಕಿಲ್ಲ, ಅವ್ರ ನಾಡೇ ಅಂಗೆ. ನೀನು ಅಲ್ಗೂ ಒಸ್ಲು ತಂದ್ ಮಡಗ್ಬುಟ್ಟೆ."

ನಮ್ಮೂರನ್ನು ಎತ್ತಿ ಅಲ್ಲಿಡುವುದು ನನ್ನ ಖುಷಿ. ಅಲ್ಲಿ ನಮ್ಮೂರು ಇಲ್ಲ ಎನ್ನುವುದೇ ಅವರ ಖುಷಿ. ಒಂದೇ ಖುರ್ಚಿಯಲ್ಲಿ ಕೂತು, ಒಂದೇ ಪರದೆ ನೋಡಿ, ನಾವಿಬ್ಬರು ಅಷ್ಟು ದಿನ ಬೇರೆ ಬೇರೆ ನಾಡುಗಳಲ್ಲಿ ಓಡಾಡಿದ್ದೆವು.

"ಎಲ್ಲಾ ಕಿತ್ತಾಕ್ತೀನಿ ಅತ್ಗೆ. ಬ್ಯಾರನ್ನು, ಉಂಜ, ಎಲ್ಲಾನೂ" ಎಂದೆ.

"ಎಲ್ಲಾನೂ ಯಾಕೆ ಕೀಳ್ತೀಯ? ನೀನೂ ಕಣ್ಣು ಕೆಡುಸ್ಕಂಡು ಮಾಡಿದ್ದೀಯ. ನಿಂದು ಅಂತ ಒಂದು ಇರ್ಲಿ ಬುಡು. ಆದ್ರೆ ನೋಡುದೋರ್ಗೆ ಅದು ಆ ಮನೇದೇ ಅನ್ನಿಸ್ಬೇಕು. ವಾಚ್ ಆಗ್ಬಾರ್ದು" ಎಂದು ಹೇಳಿ ಇನ್ನೊಂದು ಕಡ್ಡಿ ತೆಗೆದುಕೊಂಡರು. ಅದಕ್ಕೆ ಎಲೆ ಕಟ್ಟುತ್ತ, "ಬೂಟು ವಾಪಸ್ ಬರಾದಾದ್ರೆ ಅಲ್ಲಿಯೋರೇ ತಂದ್ಕೊಡ್ಲಿ" ಎಂದು ಸೇರಿಸಿದರು.

ಅಲ್ಲಿಯವರು ಯಾರು ತಂದುಕೊಡುತ್ತಾರೆ ಎನ್ನುವುದಕ್ಕೆ ಉತ್ತರವನ್ನೂ ಅವರೇ ಹಿಂದೆ ಕೊಟ್ಟಿದ್ದರು. ಮೀನುಗಾರರು. ನಾನು ಮೊದಲ ಸಲ ಆ ಆಟದ ಪುಸ್ತಕಗಳನ್ನು ಕೂತು ಓದಿದೆ. ಅವರು ಎಂಥ ದೋಣಿ ಹಾಯಿಸುತ್ತಾರೆ, ಗುಡಿಸಲಿಗೆ ಏನು ಹೊದಿಸುತ್ತಾರೆ, ಬಂದವರನ್ನು ಹೇಗೆ ಕರೆಯುತ್ತಾರೆ. ಅತ್ತಿಗೆ ಎಷ್ಟು ಕಂಡಿದ್ದರು ಎಂದು ಓದುತ್ತ ಹೋದ ಹಾಗೆ ತಿಳಿಯಿತು. ಸಮುದ್ರದಲ್ಲಿ ತೇಲಿ ಬಂದ ಕಟ್ಟಿಗೆ ಬಿಟ್ಟು ಬೇರೆ ಸೌದೆ ಅವರು ಸುಡುವುದಿಲ್ಲ. ಅದನ್ನು ಅತ್ತಿಗೆ ಯಾವತ್ತೋ ಬೇಳೆ ಆರಿಸುತ್ತ ನನಗೆ ಹೇಳಿದ್ದರು, ನಾನು ಹೂಂ ಅಂದು ಮರೆತಿದ್ದೆ.

ಬೂಟಿನ ಮಾಡನ್ನು ಬೇರುಸಹಿತ ತೆಗೆದೆ. ಒಬ್ಬ ಮೀನುಗಾರ ಹೆಂಗಸನ್ನು ಮಾಡಿದೆ. ಮೊದಲ ಸಲ ಮಾಡಿದಾಗ ಕೈ ತಡೆಯದೆ ಹಣೆಗೆ ಕುಂಕುಮ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ವಾಚ್. ಅಳಿಸಿದೆ. ದ್ವೀಪಗಳ ಸುತ್ತ ದೋಣಿಯಲ್ಲಿ ಬರುವಾಗ ಗವಿಯ ಬಾಗಿಲಲ್ಲಿದ್ದ ಬೂಟು ಅವಳಿಗೆ ಸಿಕ್ಕಿದೆ, ಯಾರದ್ದೆಂದು ಹುಡುಕುತ್ತಿದ್ದಾಳೆ. ಬಂಡೆಯ ಹತ್ತಿರ ಅವಳ ದೋಣಿ ಬರುತ್ತದೆ, ದಡದ ಗುಡಿಸಲಿಗೆ ಕರೆದೊಯ್ಯುತ್ತದೆ. ಬೂಟು ಒಲೆಯ ಬಳಿ ಒಣಗುತ್ತಿರುತ್ತದೆ. ಇಷ್ಟೇ. ಆ ಹೆಂಗಸಿಗೆ ಮಾತು ಬರೆಯುವುದು ಮಾತ್ರ ಕಷ್ಟವಾಯಿತು. ಬರೆದು ಬರೆದು ಹೊಡೆದು ಹಾಕಿದೆ. ಕೊನೆಗೆ ಗುಡಿಸಲ ಬಾಗಿಲಲ್ಲಿ ಅವಳು ಹೇಳುವ ಒಂದು ಮಾತು ಉಳಿಯಿತು. ಅದು ನನ್ನದು.

ತಯಾರಾದ ಮೇಲೆ ಅತ್ತಿಗೆಗೆ ಹೇಳಿದೆ. ಮಳೆ ಹಿಡಿದು ಹೊಲಕ್ಕೆ ಯಾರೂ ಹೋಗಲಾಗದ ಒಂದು ಮಧ್ಯಾಹ್ನ ಮುಸುಕು ತೆಗೆದು ಕೂತರು. ನಾನು ಬಾಗಿಲ ಪಕ್ಕ ನಿಂತೆ, ಪರೀಕ್ಷೆ ಬರೆದವನ ಹಾಗೆ.

ಕೆಂಪು ಕೂದಲಿನ ಹೆಂಗಸು ಬಂಡೆಯ ಮೇಲೆ ಎಲ್ಲಿದ್ದಳೋ ಅಲ್ಲೇ ಇದ್ದಳು. ಮಂಜಿನೊಳಗಿಂದ ದೋಣಿ ಬಂತು. ಅತ್ತಿಗೆ ದೋಣಿಯ ಹಲಗೆಗಳನ್ನು ಬಗ್ಗಿ ನೋಡಿದರು, ಮೀನುಗಾರ ಹೆಂಗಸಿನ ಬಟ್ಟೆ ನೋಡಿದರು. ದೋಣಿ ದಡ ಮುಟ್ಟಿತು. ಗುಡಿಸಲ ಬಾಗಿಲಿಗೆ ಬಂದರು. ತೇಲಿ ಬಂದ ಕಟ್ಟಿಗೆ ಒಲೆಯಲ್ಲಿ ಉರಿಯುತ್ತಿತ್ತು. ಅದನ್ನು ಕಂಡು ಅತ್ತಿಗೆಯ ತುಟಿಯಂಚು ಸ್ವಲ್ಪ ಸಡಿಲಾಯಿತು. ಆಗ ಆ ಹೆಂಗಸು ನಾನು ಬರೆದ ಮಾತು ಆಡಿದಳು. ಇಂಗ್ಲಿಷಿನಲ್ಲಿ ಪರದೆಯ ಮೇಲೆ ಮೂಡಿತು. ಹಾಗೇ ಬಾ ಒಳಗೆ, ನೆಲ ಆಮೇಲೆ ಒರೆಸಿದರಾಯಿತು ಎಂದು.

ಅತ್ತಿಗೆ ಅದನ್ನು ಓದಿದರು. ಡಿಕ್ಷನರಿ ಬೇಕಾಗಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಓದಿದರು.

"ಇದು ಅವ್ರ ಮಾತಾ, ನಿಂದಾ?" ಎಂದು ತಿರುಗದೆ ಕೇಳಿದರು.

"ನಂದು ಅತ್ಗೆ."

"ಒಪ್ತದೆ" ಎಂದರು. ನಾನು ಮಳೆ ನೋಡುವವನಂತೆ ಹೊರಗೆ ತಿರುಗಿದೆ. ಒದ್ದೆ ಕಾಲಿನ ಹೆಂಗಸು ಗುಡಿಸಲ ಒಳಗೆ ಹೋಗಿ, ಬೂಟು ಮೆಟ್ಟಿಕೊಂಡು, ಬೆಂಕಿಯ ಮುಂದೆ ಕೂತಳು. ಆಮೇಲೆ ಅತ್ತಿಗೆ ಎದ್ದು ನನಗೂ ಸೇರಿಸಿ ಟೀ ಇಟ್ಟರು.

ಬ್ಯಾರನ್ನು, ಹುಂಜ ಎಲ್ಲ ಹೋದವು. ಆಮೇಲೂ ನಾನು ಆ ಆಟಕ್ಕೆ ಎಷ್ಟೋ ಸೇರಿಸಿದೆ, ನನ್ನ ಇಷ್ಟದ್ದೇ ಸೇರಿಸಿದೆ. ಸೇರಿಸುವ ಮೊದಲು ಮನಸ್ಸಿನಲ್ಲಿ ಅತ್ತಿಗೆಯನ್ನು ಆ ಬೀದಿಯಲ್ಲಿ ನಡೆಸಿ ನೋಡುತ್ತಿದ್ದೆ, ಇಲ್ಯಾಕದೆ ಎಂದು ಕೇಳುತ್ತಾರಾ ಎಂದು. ಕೇಳುವುದಿಲ್ಲ ಅನ್ನಿಸಿದ್ದು ಮಾತ್ರ ಉಳಿಯಿತು. ಸೆಂಟರಿನ ಗೆಳೆಯರಿಗೆ ಇವು ಯಾವುವೂ ಕಣ್ಣಿಗೆ ಬೀಳುತ್ತಿರಲಿಲ್ಲ. ನೀನು ಈಗ ಏನೂ ಮಾಡುತ್ತಿಲ್ಲವಾ ಎಂದು ಕೇಳುತ್ತಿದ್ದರು. ನನ್ನ ಕೆಲಸ ನನಗೆ ಇಷ್ಟವಾಗತೊಡಗಿದ್ದು ಆಗಿನಿಂದ.

ಕೆಲವು ವರ್ಷಗಳ ನಂತರ ನನ್ನ ಮದುವೆಯಾಯಿತು. ಹುಡುಗಿ ಪಿರಿಯಾಪಟ್ಟಣದ ಕಡೆಯವಳು. ಅವಳು ಬಂದ ಮೊದಲ ವರ್ಷ, ಸೊಪ್ಪು ಮುರಿಯುವ ಕಾಲ. ಅವಳು ಹೊಲಕ್ಕೆ ಬಂದ ಮೊದಲ ದಿನವೇ ಮಳೆ ಹಿಡಿದುಕೊಂಡು, ಹೋಗಿದ್ದ ನಾವೆಲ್ಲ ನೆನೆದು ಓಡಿ ಬಂದೆವು. ಗಂಡಸರು ಎಂದಿನಂತೆ ಕಾಲು ಝಾಡಿಸಿ ಒಳಗೆ ಹೋದೆವು. ಅವಳು ಮುಂಬಾಗಿಲ ಹೊರಗೆ ನಿಂತುಬಿಟ್ಟಳು. ಕಾಲು ಮೊಣಕಾಲವರೆಗೆ ಕೆಸರು, ಕೈ ತುಂಬ ಸೊಪ್ಪಿನ ಕಪ್ಪು. ಎತ್ತಲಿಂದ ಬರಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ನಡುಮನೆಯಲ್ಲಿ ಕೂತಿದ್ದ ಅವ್ವ ಬಾಯಿ ತೆರೆದಳು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು.

ಅವ್ವನ ಮಾತು ಹೊರ ಬೀಳುವ ಮೊದಲು ಅತ್ತಿಗೆ ಅಡುಗೆಮನೆಯಿಂದ ಬಂದು ಹೊಸ್ತಿಲ ಒಳಗೆ ನಿಂತರು. ಅವರ ಧ್ವನಿ ಏರಲಿಲ್ಲ.

"ಅಂಗೇ ಬಾ ಒಳೀಕೆ. ನೆಲ ಆಮ್ಯಾಕೆ ಒರುಸ್ಕಂಡ್ರಾಯ್ತು."

ಅವ್ವ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಅವ್ವ ತೆರೆದ ಬಾಯಿ ಮುಚ್ಚಿ, ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ ತನ್ನ ಕಾಲುಗಳನ್ನು ಮಡಚಿಕೊಂಡಳು. ನನ್ನ ಹೆಂಡತಿ ಕೆಸರು ಕಾಲಲ್ಲೇ ನಡುಮನೆ ದಾಟಿ ಒಲೆಯ ಮುಂದೆ ಹೋಗಿ ಕೂತಳು. ಸಂಜೆ ನೆಲ ಒರೆಸುವಾಗ ನಾನೂ ಕೈ ಹಾಕಿದೆ.

ಅವತ್ತಿನಿಂದ ನಮ್ಮ ಮನೆಯ ಹೆಂಗಸರು ಹೊಲದಿಂದ ಮುಂಬಾಗಿಲಲ್ಲೇ ಬರುತ್ತಾರೆ. ಮೊದಲಿನಿಂದಲೂ ಈ ಮನೆಯ ಪದ್ಧತಿಯೇ ಹಾಗೆ ಎಂದು ನನ್ನ ಹೆಂಡತಿ ಇವತ್ತಿಗೂ ತಿಳಿದುಕೊಂಡಿದ್ದಾಳೆ.